ಹೊಲವು ಬಡಾವಣೆಯಾಗುವುದನ್ನು ಗುರುತಿಸುವುದು ಹೇಗೆ?

2017ರಲ್ಲಿ 11 ಹಳ್ಳಿಗಳು, 2021ರ ಜೂನ್ ಕೊನೆಯಲ್ಲಿ ಮತ್ತೆ 23 ಹಳ್ಳಿಗಳು ಪುಣೆ ಮಹಾನಗರಪಾಲಿಕೆಯ ಮೇರೆಯೊಳಗೆ ಸೇರಿದವು. ಎರಡನೆಯ ಕಂತಿನಲ್ಲಿ ಬಂದ ವಾಘೋಲಿ, ಮಾಂಜರಿ, ಸೂಸ್, ಮ್ಹಾಳುಂಗೆಗಳಲ್ಲಿ ಇಂದು ಕನ್ನಡದ ಕುಟುಂಬಗಳೂ ನೆಲೆಸಿವೆ. ತಮ್ಮ ಮನೆ ನಿಂತಿರುವ ನೆಲದಲ್ಲಿ ಹಿಂದೆ ಏನು ಬೆಳೆಯುತ್ತಿತ್ತು, ಅದು ಹೇಗೆ ಕೈಬದಲಾಯಿತು ಎಂಬುದನ್ನು ಅವರು ತಾವೇ ಕಂಡುಕೊಳ್ಳಬಹುದು. ಕಟ್ಟಡ ಏಳುವುದು ಈ ಬದಲಾವಣೆಯ ಕೊನೆಯ ಹಂತ. ಉಳುಮೆ ನಿಂತ ವರ್ಷವೇ ಅದರ ಆರಂಭ ಎಂಬುದನ್ನು ನೆನಪಿಟ್ಟುಕೊಂಡು ಹುಡುಕಬೇಕು.

ಮೊದಲು ಒಂದೇ ಹಳ್ಳಿಯನ್ನು ಆರಿಸಿಕೊಳ್ಳಿ. ಗೂಗಲ್ ಅರ್ಥ್‌ನಲ್ಲಿ ಅದರ ಹಳೆಯ ಉಪಗ್ರಹ ಚಿತ್ರಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿ, ಆದರೆ ಎಲ್ಲವೂ ಒಂದೇ ತಿಂಗಳಿನವಾಗಿರಲಿ. ಮಳೆಗಾಲದ ನಂತರ ಪಾಳುಭೂಮಿಯೂ ಹಸಿರಾಗಿರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಹಸಿರಾಗಿರುವುದು ಹೆಚ್ಚಾಗಿ ಬಾವಿ, ಕಾಲುವೆಗಳ ನೀರುಂಡ ಹೊಲ ಮಾತ್ರ. ಮನೆಗಳಿಲ್ಲದ ಬಯಲಿನಲ್ಲಿ ಅಡ್ಡ–ಉದ್ದ ಮಣ್ಣಿನ ರಸ್ತೆಗಳು ಮೂಡಿದ್ದರೆ ಅಲ್ಲಿ ನಿವೇಶನಗಳ ಮಾರಾಟ ಆರಂಭವಾಗಿದೆ ಎಂದು ಊಹಿಸಬಹುದು. ಹಳ್ಳಗಳ ಅಗಲ ವರ್ಷದಿಂದ ವರ್ಷಕ್ಕೆ ಕಿರಿದಾಗಿದೆಯೇ ಎಂಬುದನ್ನೂ ಗಮನಿಸಿ.

ಎರಡನೆಯ ಹೆಜ್ಜೆ ಸಾತ್‌ಬಾರಾ ಉತಾರ, ಅಂದರೆ ಏಳು ಮತ್ತು ಹನ್ನೆರಡನೆಯ ನಮೂನೆಗಳ ಭೂದಾಖಲೆ. ನಮ್ಮ ಪಹಣಿಯಂಥ ಈ ದಾಖಲೆ ಮಹಾಭೂಲೇಖ್ ಜಾಲತಾಣದಲ್ಲಿ ಗಟ್ ಸಂಖ್ಯೆ (ನಮ್ಮ ಸರ್ವೆ ನಂಬರಿನಂಥದು) ಕೊಟ್ಟರೆ ಸಿಗುತ್ತದೆ. ಇದನ್ನು ಓದಲು ಸಾಕಷ್ಟು ಸಮಯ ಕೊಡಿ. ಏಳನೆಯ ನಮೂನೆಯಲ್ಲಿ ಹಕ್ಕುದಾರರ ಹೆಸರು, ವಿಸ್ತೀರ್ಣ, ಸಾಲದ ಬೋಜ ಮತ್ತು ಭೂಧಾರಣೆಯ ವರ್ಗ ಇರುತ್ತವೆ. ವರ್ಗ 2 ಎಂದಿದ್ದರೆ ಸರ್ಕಾರದ ಅನುಮತಿಯಿಲ್ಲದೆ ಆ ನೆಲವನ್ನು ಪರಭಾರೆ ಮಾಡುವಂತಿಲ್ಲ. ಹನ್ನೆರಡನೆಯ ನಮೂನೆ ಬೆಳೆಯದು. ಹಲವು ವರ್ಷಗಳ ನಮೂನೆಗಳನ್ನು ಒಟ್ಟಿಗೆ ಇಟ್ಟರೆ ಕಬ್ಬು ಜೋಳವಾಗಿ, ಜೋಳ ‘ಪಡ್’ ಅಂದರೆ ಪಾಳಾಗಿ ಬದಲಾದುದು ಕಾಣುತ್ತದೆ. ಪಾಳು ಬಿದ್ದ ಆ ವರ್ಷಗಳು ನನ್ನ ದೃಷ್ಟಿಯಲ್ಲಿ ಇಡೀ ದಾಖಲೆಯ ಅತಿ ಮುಖ್ಯ ಸಾಕ್ಷ್ಯ. ಕೃಷಿಯೇತರವಾದ ಭೂಮಿಗೆ ಹನ್ನೆರಡನೆಯ ನಮೂನೆಯ ಅಗತ್ಯವಿಲ್ಲ ಎಂಬ ಟಿಪ್ಪಣಿ ಮುಂದೆ ಉತಾರದಲ್ಲೇ ಬರುತ್ತದೆ. ತೀರ ಚಿಕ್ಕ ತುಂಡುಗಳ ಮಾರಾಟವನ್ನು 1947ರ ತುಂಡುಭೂಮಿ ತಡೆ ಕಾಯ್ದೆ ಬಹುಕಾಲ ನಿರ್ಬಂಧಿಸಿದ್ದರಿಂದ, ಅಂಥ ತುಂಡು ಕೊಂಡವರನ್ನು ಜಂಟಿ ಹಕ್ಕುದಾರರಾಗಿ ಸೇರಿಸಿರಬಹುದು. ಹಾಗಾಗಿ ಒಂದೇ ಗಟ್ ಸಂಖ್ಯೆಗೆ ಸಂಬಂಧವಿಲ್ಲದ ಹತ್ತಾರು ಹೆಸರುಗಳು ಸೇರಿದ್ದರೆ ಎಚ್ಚರ ವಹಿಸಿ, ಪ್ರತಿ ಹೆಸರು ಹೇಗೆ ಬಂತೆಂದು ಫೇರ್‌ಫಾರ್ ಅಂದರೆ ಮ್ಯುಟೇಶನ್ ನೋಂದಣಿಯಲ್ಲಿ ನೋಡಬೇಕು.

ಮೂರನೆಯದು ವಲಯ. 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯಡಿ ತಯಾರಾದ ನಕ್ಷೆಯಲ್ಲಿ ಆ ಗಟ್ ಕೃಷಿ ವಲಯದಲ್ಲಿದೆಯೋ ವಸತಿ ವಲಯದಲ್ಲಿದೆಯೋ, ನಕ್ಷೆ ಕರಡೋ ಅಂತಿಮವೋ ಎಂದು ಪಾಲಿಕೆಯಲ್ಲಿ ಅಥವಾ 2015ರಲ್ಲಿ ಸ್ಥಾಪನೆಯಾದ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದಲ್ಲಿ ವಿಚಾರಿಸಿ. ಕೊಳ್ಳುವ ಇರಾದೆಯಿದ್ದವರಿಗೆ ಇನ್ನೊಂದು ಮಾತು: ಕರ್ನಾಟಕದಲ್ಲಿ 2020ರ ತಿದ್ದುಪಡಿಯ ಬಳಿಕ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದಾದರೂ, ಮಹಾರಾಷ್ಟ್ರದ 1948ರ ಗೇಣಿ ಕಾಯ್ದೆಯ 63ನೇ ಕಲಂ ಅದಕ್ಕೆ ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ.

ಕೊನೆಗೆ ನಡೆದು ನೋಡಬೇಕು. ಮಾಂಜರಿಯ ಕಡೆ ನೀರಾವರಿಗೆ ಆಧಾರವಾಗಿದ್ದ ಖಡಕ್‌ವಾಸ್ಲಾ ಜಲಾಶಯದಿಂದಲೇ ನಗರಕ್ಕೂ ಕುಡಿಯುವ ನೀರು ಹೋಗುತ್ತದೆ. ಆದ್ದರಿಂದ ಕಾಲುವೆಗೆ ನೀರು ಬಿಡುವ ಸರದಿ ಎಂದಿನಿಂದ ಕಡಿಮೆಯಾಯಿತೆಂದು ಹಿರಿಯ ರೈತರನ್ನು ಕೇಳಿ, ಉತ್ತರವನ್ನು ಪಾಳು ವರ್ಷಗಳೊಂದಿಗೆ ಹೋಲಿಸಿ. ಉತಾರದಲ್ಲಿ ಒಡೆಯನ ಹೆಸರಿದೆ, ಆ ಹೊಲದಲ್ಲಿ ಕಳೆ ತೆಗೆದ ಕೂಲಿ ಹೆಂಗಸರ ಹೆಸರಿಲ್ಲ. ಅವರು ಈಗ ಎಲ್ಲಿ ದುಡಿಯುತ್ತಿದ್ದಾರೆಂದು ತಿಳಿಯದೆ ಅಧ್ಯಯನ ಪೂರ್ಣವಾಗುವುದಿಲ್ಲ. ಕಟ್ಟಡಗಳ ಬಳಿಯ ತಗಡಿನ ಶೆಡ್ಡುಗಳಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯ ಕೆಲಸಗಾರರಿದ್ದರೆ ಬಿಡುವಿನ ವೇಳೆ ಅವರೊಂದಿಗೆ ಕನ್ನಡದಲ್ಲೇ ಮಾತನಾಡಿ. ಪಾಯ ತೋಡುವಾಗ ಯಾವ ಬಾವಿ ಮುಚ್ಚಿತು, ಎಷ್ಟು ಆಳದಲ್ಲಿ ನೀರು ಬಂತು, ಕಪ್ಪು ಮಣ್ಣನ್ನು ಎಲ್ಲಿಗೆ ಸಾಗಿಸಿದರು ಎಂಬುದನ್ನು ಕಣ್ಣಾರೆ ಕಂಡವರು ಅವರೇ.