ನೇಪರ್‌ವಿಲ್‌ಗೆ ಬಂದ ಹೊಸಬರಿಗೆ: ಮನೆ ಕೊಳ್ಳುವ ಮುಂಚೆ ಒಂದು ಚಳಿಗಾಲ ಕಳೆಯಿರಿ

ನಮ್ಮ ಕನ್ನಡ ಕೂಟದ ಫೋನಿಗೆ ಪದೇ ಪದೇ ಬರುವ ಕರೆ ಒಂದಿದೆ. "ಸರ್, ನೇಪರ್‌ವಿಲ್‌ನಲ್ಲಿ, 204ರಲ್ಲಿ, ಪೂರ್ವಕ್ಕೆ ಬಾಗಿಲಿರೋ ಮನೆ ಯಾವುದಾದ್ರೂ ಇದ್ರೆ ಹೇಳಿ." ಬೆಂಗಳೂರಿನಿಂದ ಬಂದು ಮೂರು ವಾರ ಆಗಿರುತ್ತದೆ, ಸೂಟ್‌ಕೇಸು ಇನ್ನೂ ಪೂರ್ತಿ ಬಿಚ್ಚಿರುವುದಿಲ್ಲ. ನಮ್ಮ ಉತ್ತರವೂ ಪ್ರತಿ ಸಲ ಒಂದೇ: ಒಂದು ವರ್ಷ ಬಾಡಿಗೆಗೆ ಇರಿ, ಒಂದು ಚಳಿಗಾಲ ಕಳೆಯಿರಿ, ಆಮೇಲೆ ನೋಡೋಣ. ಕೇಳುವವರು ಕೇಳುತ್ತಾರೆ. ಕೇಳದವರು ಮುಂದಿನ ವರ್ಷ ತೆರಿಗೆಯ ಕಾಗದ ಕೈಯಲ್ಲಿ ಹಿಡಿದು ಮತ್ತೆ ಫೋನ್ ಮಾಡುತ್ತಾರೆ.

ಮೊದಲು ಆ 204ರ ವಿಚಾರ. ಅದು ಶಾಲಾ ಡಿಸ್ಟ್ರಿಕ್ಟಿನ ನಂಬರು; ಯಾವ ವಿಳಾಸದ ಮಗು ಯಾವ ಸರ್ಕಾರಿ ಶಾಲೆಗೆ ಅನ್ನುವುದು ಅದರಿಂದ ತೀರ್ಮಾನವಾಗುತ್ತದೆ. ಶಿಕಾಗೊ ಡೌನ್‌ಟೌನ್‌ಗೆ ಪಶ್ಚಿಮದಲ್ಲಿ ಸುಮಾರು 30 ಮೈಲಿ ದೂರದ ಈ ಊರಿನಲ್ಲಿ 2020ರ ಜನಗಣತಿಯ ಪ್ರಕಾರ ಒಂದೂವರೆ ಲಕ್ಷದ ಹತ್ತಿರ ಜನ. ಉತ್ತರದ ಭಾಗ ಡುಪೇಜ್ ಕೌಂಟಿಗೆ, ದಕ್ಷಿಣದ ಭಾಗ ವಿಲ್ ಕೌಂಟಿಗೆ ಸೇರಿದೆ. ಶಾಲಾ ಡಿಸ್ಟ್ರಿಕ್ಟ್‌ಗಳ ಗಡಿ ಮಾತ್ರ ಊರಿನ ಗಡಿಯನ್ನೂ ನೋಡುವುದಿಲ್ಲ, ಕೌಂಟಿಯ ಗಡಿಯನ್ನೂ ನೋಡುವುದಿಲ್ಲ. ನಮ್ಮವರ ಬಾಯಲ್ಲಿ ಸದಾ ಇರುವುದು 203 ಮತ್ತು 204. ಆದರೆ ಅಂಚೆ ವಿಳಾಸ ನೇಪರ್‌ವಿಲ್ ಅಂತಲೇ ಇದ್ದು, ಮಗು ಪ್ಲೇನ್‌ಫೀಲ್ಡ್‌ನ 202ಕ್ಕೆ ಹೋಗಬೇಕಾದ ಮನೆಗಳೂ ಇವೆ. ಇದಕ್ಕೆ ಉಲ್ಟಾ, ಪಕ್ಕದ ಅರೋರಾ ವಿಳಾಸದ ಎಷ್ಟೋ ಮನೆಗಳು 204ಕ್ಕೆ ಸೇರುತ್ತವೆ. 204ರ ಮೂರು ಹೈಸ್ಕೂಲುಗಳಲ್ಲಿ ಮೆಟಿಯಾ ವ್ಯಾಲಿ, ವಾಬೋನ್ಸಿ ವ್ಯಾಲಿ ಎರಡೂ ಇರುವುದೇ ಅರೋರಾದಲ್ಲಿ. ನುಕ್ವಾ ವ್ಯಾಲಿ ಒಂದೇ ನೇಪರ್‌ವಿಲ್‌ನಲ್ಲಿ. ಊರಿನ ಹೆಸರಿಗೆ ಹೆಚ್ಚಿಗೆ ದುಡ್ಡು ಕೊಡುವ ಮುಂಚೆ ಇದನ್ನು ಯೋಚಿಸಿ. ಮನೆ ನಂಬರಿನ ಸಮೇತ ಡಿಸ್ಟ್ರಿಕ್ಟ್‌ನವರನ್ನೇ ಕೇಳಿ ಖಚಿತ ಮಾಡಿಕೊಳ್ಳಿ; ಏಜೆಂಟರ ಮಾತೂ ಸಾಲದು, ಆ್ಯಪ್ ಶಾಲೆಗೆ ತೋರಿಸುವ ಹತ್ತಕ್ಕೆ ಒಂಬತ್ತು ಅಂಕವೂ ಸಾಲದು. ಕಿಂಡರ್‌ಗಾರ್ಟನ್‌ಗೆ ಸೇರಿಸುವವರಿಗೆ ಇನ್ನೊಂದು: ಮಗುವಿಗೆ ಸೆಪ್ಟೆಂಬರ್ 1ರೊಳಗೆ ಐದು ತುಂಬಿರಬೇಕು. ಲಸಿಕೆಯ ದಾಖಲೆಯನ್ನು ಊರಿನಿಂದ ಹೊರಡುವಾಗಲೇ ಡಾಕ್ಟರ ಸಹಿ ಹಾಕಿಸಿ ತಂದರೆ ಅರ್ಧ ಓಡಾಟ ತಪ್ಪುತ್ತದೆ.

ತೆರಿಗೆ ಎಂಬ ಎರಡನೇ ಕಂತು

ಇಲಿನಾಯ್‌ನ ಆಸ್ತಿ ತೆರಿಗೆ ಅಮೆರಿಕದಲ್ಲೇ ಭಾರಿ ತೆರಿಗೆಗಳ ಸಾಲಿನದು. ಈ ಕಡೆ ಮನೆಯ ಬೆಲೆಯ ಶೇಕಡಾ 2ರ ಆಸುಪಾಸು ಹಿಡಿದುಕೊಳ್ಳಿ, ಕೆಲವು ಬಡಾವಣೆಗಳಲ್ಲಿ ಅದಕ್ಕೂ ಹೆಚ್ಚು. 6 ಲಕ್ಷ ಡಾಲರಿನ ಮನೆಗೆ ವರ್ಷಕ್ಕೆ 12 ಸಾವಿರ. ಅಂದರೆ ಸಾಲದ ಕಂತಿನ ಮೇಲೆ ತಿಂಗಳಿಗೆ ಇನ್ನೊಂದು ಸಾವಿರ. ಸಾಲ ತೀರಿದ ಮೇಲೂ ಇದು ತೀರುವುದಿಲ್ಲ.

ಹೊಸಬರು ಎಡವುವುದು ಇಲ್ಲೇ. ಇಲ್ಲಿ ತೆರಿಗೆ ಒಂದು ವರ್ಷ ಹಿಂದೆ ಓಡುತ್ತದೆ. 2025ರ ತೆರಿಗೆಯನ್ನು ಕಟ್ಟುವುದು 2026ರಲ್ಲಿ, ಡುಪೇಜ್‌ನಲ್ಲಾದರೆ ಜೂನ್ ಮತ್ತು ಸೆಪ್ಟೆಂಬರಿನ ಎರಡು ಕಂತಿನಲ್ಲಿ. ಹಾಗಾಗಿ ಕ್ಲೋಸಿಂಗ್ ದಿನ, ಅಂದರೆ ಮನೆ ನಿಮ್ಮ ಹೆಸರಿಗೆ ಆಗುವ ದಿನ, ಮಾರುವವರು ತಾವು ಇದ್ದ ತಿಂಗಳುಗಳ ತೆರಿಗೆಯ ಪಾಲನ್ನು ನಿಮಗೆ ಬಿಟ್ಟುಕೊಡುತ್ತಾರೆ. ಲೆಕ್ಕದಲ್ಲಿ ಅದು ರಿಯಾಯಿತಿಯ ಹಾಗೆ ಕಾಣುತ್ತದೆ, ಆ ದುಡ್ಡಿಗೆ ಸೋಫಾ ಸೆಟ್ಟು ಬಂದುಬಿಡುತ್ತದೆ. ಅದು ಉಳಿತಾಯವಲ್ಲ, ಮುಂದೆ ನೀವು ಕಟ್ಟಬೇಕಾದ ದುಡ್ಡು.

ಇನ್ನೊಂದು ಸೂಕ್ಷ್ಮ. ಮಾರುವವರು ವಯಸ್ಸಾದವರಾಗಿದ್ದರೆ ಅವರ ಬಿಲ್ಲಿನಲ್ಲಿ ಹಿರಿಯ ನಾಗರಿಕರ ವಿನಾಯಿತಿ ಸೇರಿರುತ್ತದೆ. ಆ ಬಿಲ್ಲು ನೋಡಿ ನೀವು ತಿಂಗಳ ಖರ್ಚು ಲೆಕ್ಕ ಹಾಕಿರುತ್ತೀರಿ. ನಿಮ್ಮ ಹೆಸರಿಗೆ ಬಂದ ಮೇಲೆ ಆ ವಿನಾಯಿತಿ ಹೋಗುತ್ತದೆ. ನನಗೆ ಆದದ್ದೇ ಇದು. ಕೊಂಡ ಎರಡನೇ ವರ್ಷ ಎಸ್ಕ್ರೋ ಖಾತೆಯಲ್ಲಿ (ತೆರಿಗೆ, ವಿಮೆ ಕಟ್ಟಲು ಸಾಲ ಕೊಟ್ಟವರು ಕಂತಿನ ಜೊತೆ ಹಣ ಕೂಡಿಡುವ ಖಾತೆ) ಕೊರತೆ ಅಂತ ಕಾಗದ ಬಂದು, ಕಂತು ತಿಂಗಳಿಗೆ ಮುನ್ನೂರು ಡಾಲರ್ ಏರಿತು. ಹೊಚ್ಚಹೊಸ ಮನೆಯಾದರೆ ಕೇಳಲೇಬೇಡಿ, ಹಿಂದಿನ ಬಿಲ್ಲು ಬರೀ ಸೈಟಿನದ್ದು. ಸ್ವಂತ ವಾಸದ ಮನೆಗೆ ಸಿಗುವ ಹೋಮ್‌ಸ್ಟೆಡ್ ವಿನಾಯಿತಿಗೆ ಮಾತ್ರ ಮರೆಯದೆ ಅರ್ಜಿ ಹಾಕಿ.

ದುಡ್ಡಿನ ವಿಚಾರ ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಎಚ್-1ಬಿ ವೀಸಾದಲ್ಲಿದ್ದರೂ ಬ್ಯಾಂಕುಗಳ ಸಾಮಾನ್ಯ ಗೃಹಸಾಲ ಸಿಗುತ್ತದೆ. ಸರ್ಕಾರದ ವಿಮೆ ಇರುವ ಎಫ್‌ಎಚ್‌ಎ ಸಾಲ ಮಾತ್ರ 2025ರ ಮೇ ಕೊನೆಯಿಂದ ವೀಸಾದವರಿಗಿಲ್ಲ. ಅಪ್ಪ ಅಮ್ಮ ಊರಿನ ಸೈಟು ಮಾರಿ ಹಣ ಕಳಿಸುವುದಾದರೆ, ಭಾರತದ ನಿಯಮದಲ್ಲಿ ಒಬ್ಬರು ಆರ್ಥಿಕ ವರ್ಷವೊಂದಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಹೊರದೇಶದವರಿಂದ ವರ್ಷಕ್ಕೆ ಒಂದು ಲಕ್ಷ ಡಾಲರಿಗಿಂತ ಹೆಚ್ಚು ಉಡುಗೊರೆ ಬಂದರೆ ಇಲ್ಲಿನ ತೆರಿಗೆ ಇಲಾಖೆಗೆ ಫಾರಂ 3520 ಕೊಡಬೇಕು. ಅದಕ್ಕೆ ತೆರಿಗೆಯಿಲ್ಲ, ಮರೆತರೆ ದಂಡ ಮಾತ್ರ ಜೋರು.

ಬೇಸ್‌ಮೆಂಟು, ಅಡುಗೆಮನೆ, ದಿಕ್ಕು

ಬೆಂಗಳೂರಿನವರಿಗೆ ಸಂಪು ಅಂದರೆ ನೀರು ಕೂಡಿಡುವ ತೊಟ್ಟಿ. ಇಲ್ಲಿ ಸಂಪ್ ಅಂದರೆ ಬೇಸ್‌ಮೆಂಟಿನ ಮೂಲೆಯ ಗುಂಡಿ. ಮನೆಯ ಸುತ್ತ ಜಿನುಗುವ ನೀರು ಅಲ್ಲಿ ಸೇರುತ್ತದೆ, ಪಂಪು ಅದನ್ನು ಹೊರಗೆ ಎತ್ತಿ ಹಾಕುತ್ತದೆ. ಮನೆ ನೋಡಲು ಹೋದವರು ಗ್ರಾನೈಟ್ ಸವರಿ ನೋಡುತ್ತಾರೆ, ಈ ಗುಂಡಿಯ ಮುಚ್ಚಳ ಎತ್ತುವುದಿಲ್ಲ. 1996ರ ಜುಲೈನಲ್ಲಿ ಪಕ್ಕದ ಅರೋರಾದಲ್ಲಿ 24 ತಾಸಿನಲ್ಲಿ 16.91 ಇಂಚು ಮಳೆ ಬಿದ್ದಿತ್ತು. ಮೈಸೂರಿಗೆ ವರ್ಷಪೂರ್ತಿ ಬೀಳುವ ಮಳೆಯ ಸುಮಾರು ಅರ್ಧ, ಒಂದೇ ದಿನಕ್ಕೆ. ಅಷ್ಟೇ ಬರಬೇಕೆಂದಿಲ್ಲ. ನಮ್ಮ ಮನೆಯಲ್ಲಿ ಒಂದು ಏಪ್ರಿಲ್ ರಾತ್ರಿ ಸಾಧಾರಣ ಗುಡುಗು ಮಳೆಗೆ ಕರೆಂಟು ಹೋಯಿತು, ಬ್ಯಾಕಪ್ ಬ್ಯಾಟರಿ ಆರು ವರ್ಷ ಹಳೆಯದು, ಸತ್ತಿತ್ತು. ಬೆಳಿಗ್ಗೆ ಇಳಿದು ನೋಡಿದರೆ ಗಣೇಶನ ಹಬ್ಬದ ಥರ್ಮಾಕೋಲ್ ಮಂಟಪ ನೀರಿನ ಮೇಲೆ ನಿಧಾನವಾಗಿ ಸುತ್ತುತ್ತಿತ್ತು. ವಿಮೆಯವರು ಇದು ಬೇರೆ ಸೇರ್ಪಡೆ, ನೀವು ತಗೊಂಡಿಲ್ಲ ಅಂದರು. ಪಾಲಿಸಿ ಮಾಡಿಸುವಾಗ ಸಂಪ್ ಉಕ್ಕುವುದಕ್ಕೂ ರಕ್ಷಣೆ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಇನ್ಸ್‌ಪೆಕ್ಷನ್ ಸಮಯದಲ್ಲೇ ನೆಲದಿಂದ ಒಸರುವ, ವಿಕಿರಣ ಸೂಸುವ ರೇಡಾನ್ ಅನಿಲದ ಪರೀಕ್ಷೆಯನ್ನೂ ಮಾಡಿಸಿ; ಲೀಟರಿಗೆ 4 ಪಿಕೊಕ್ಯೂರಿ ದಾಟಿದರೆ ಅದನ್ನು ಹೊರಹಾಕುವ ಪೈಪು, ಫ್ಯಾನು ಹಾಕಿಸಬೇಕು, ಅದರ ಖರ್ಚನ್ನು ಮಾರುವವರಿಂದ ಕೇಳಬಹುದು.

ಅಡುಗೆಮನೆಯಲ್ಲಿ ಒಲೆಯ ಮೇಲಿನ ಫ್ಯಾನು ಹಾಕಿ ನೋಡಿ. ಗಾಳಿ ಹೊರಗೆ ಹೋಗುತ್ತದೋ, ಜಾಲರಿಯಲ್ಲಿ ಸುತ್ತಿ ನಿಮ್ಮ ಮುಖಕ್ಕೇ ಬರುತ್ತದೋ? ಎರಡನೆಯದಾದರೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ ದಿನ ಮನೆಮಂದಿಯೆಲ್ಲ ಕೆಮ್ಮುತ್ತಾರೆ, ಹೊಗೆ ಅಲಾರಂ ಕೂಗುತ್ತದೆ, ಮೂರು ದಿನ ಕೋಟುಗಳಲ್ಲಿ ಇಂಗಿನ ವಾಸನೆ.

ಇನ್ನು ದಿಕ್ಕು. ವಾಸ್ತು ನಂಬುವವರನ್ನು ನಂಬಬೇಡಿ ಅನ್ನಲು ನಾನು ಯಾರು? ಆದರೆ ನಾವೆಲ್ಲ ಪೂರ್ವದ ಬಾಗಿಲಿಗೇ ಮುಗಿಬಿದ್ದು ಬೆಲೆ ಏರಿಸಿಕೊಳ್ಳುತ್ತಿದ್ದೇವೆ ಅನ್ನುವುದು ಏಜೆಂಟರಿಗೆಲ್ಲ ಗೊತ್ತಿದೆ. ಜನವರಿಯ ಲೆಕ್ಕದಲ್ಲಿ ಒಳ್ಳೆಯ ದಿಕ್ಕು ದಕ್ಷಿಣ. ದಕ್ಷಿಣಕ್ಕೆ ಮುಖ ಮಾಡಿದ ಡ್ರೈವ್‌ವೇಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹಿಮ ಕರಗಿರುತ್ತದೆ. ಎದುರು ಸಾಲಿನ ಉತ್ತರದ ಮನೆಯವರು ಅದೇ ಹೊತ್ತಿನಲ್ಲಿ ಮಂಜುಗಡ್ಡೆ ಕುಟ್ಟುತ್ತಿರುತ್ತಾರೆ. ಒಂದು ಚಳಿಗಾಲ ಕಳೆಯಿರಿ ಅಂದದ್ದು ಇದಕ್ಕೇ.

ಕಾಗದ ಪತ್ರದ್ದು ಚಿಕ್ಕದಾಗಿ ಹೇಳುತ್ತೇನೆ. 2024ರ ಆಗಸ್ಟ್‌ನಿಂದ ಏಜೆಂಟರ ಜೊತೆ ಮನೆ ನೋಡಲು ಹೊರಡುವ ಮುಂಚೆಯೇ ಬರಹದ ಒಪ್ಪಂದ ಆಗಬೇಕು. ಅವರ ಕಮಿಷನ್ ಎಷ್ಟು, ಕೊಡುವವರು ಯಾರು ಅನ್ನುವುದನ್ನು ಓದಿಯೇ ಸಹಿ ಹಾಕಿ. ಇಲ್ಲಿ ಕೊಳ್ಳುವವರು ತಮ್ಮದೇ ವಕೀಲರನ್ನು ಇಟ್ಟುಕೊಳ್ಳುವುದು ವಾಡಿಕೆ. ಕರಾರಾದ ಮೇಲೆ ಸಾಮಾನ್ಯವಾಗಿ ಐದು ಕೆಲಸದ ದಿನ ಅವರಿಗೆ ತಿದ್ದಲು ಸಮಯವಿರುತ್ತದೆ. ದುಡ್ಡು ಉಳಿಸಲು ಹೋಗಿ ವಕೀಲರನ್ನು ಬಿಡಬೇಡಿ. ಕ್ಲೋಸಿಂಗ್ ಹಣ ಕಳಿಸಲು ಇಮೇಲಿನಲ್ಲಿ ಬಂದ ಖಾತೆ ನಂಬರನ್ನು ನಂಬದೆ, ಮೊದಲೇ ಗೊತ್ತಿರುವ ನಂಬರಿಗೆ ಫೋನ್ ಮಾಡಿ ಓದಿಸಿಕೊಳ್ಳಿ.

ಅಪ್ಪ ಅಮ್ಮ ಬಂದಾಗ

ಮನೆ ಹುಡುಕುವಾಗ ಯಾರೂ ಯೋಚಿಸದ ಸಂಗತಿ ಇದು. ನೀವು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ, ಕಾರು ಓಡಿಸದ ಹಿರಿಯರು ಆರು ತಿಂಗಳು ಏನು ಮಾಡಬೇಕು? ದೊಡ್ಡ ಹಿತ್ತಿಲು ಅವರಿಗೆ ಬೇಕಿಲ್ಲ, ನಡೆದು ಹೋಗುವ ಜಾಗ ಬೇಕು. ನುಕ್ವಾ ಪಕ್ಕದ 95ನೇ ಸ್ಟ್ರೀಟ್ ಲೈಬ್ರರಿ, ಸ್ಪ್ರಿಂಗ್‌ಬ್ರೂಕ್ ಪ್ರೇರಿಯ ಕಾಲುದಾರಿ, ಡೌನ್‌ಟೌನ್‌ನಲ್ಲಿ ಡುಪೇಜ್ ನದಿಯ ದಂಡೆಯ ರಿವರ್‌ವಾಕ್ ಇಂಥವುಗಳ ಹತ್ತಿರದ ಚಿಕ್ಕ ಮನೆ, ದೂರದ ದೊಡ್ಡ ಮನೆಗಿಂತ ಮೇಲು. ರೂಟ್ 59 ರೈಲು ನಿಲ್ದಾಣದ ಬಳಿಯಿದ್ದರೆ ಮೆಟ್ರಾ ರೈಲು ಹತ್ತಿ ಶಿಕಾಗೊದ ಯೂನಿಯನ್ ಸ್ಟೇಷನ್‌ಗೂ ಹೋಗಬಹುದು, ದಿನಸಿಯೂ ಕೈಗೆಟಕುತ್ತದೆ. ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಭಾನುವಾರ ಕರೆದುಕೊಂಡು ಹೋದರೆ ಅಲ್ಲೇ ಯಾರೋ ದಾವಣಗೆರೆಯವರು ಸಿಗುತ್ತಾರೆ, ವಾರದ ಮಾತಿಗೆ ಅದು ಸಾಕು.

ಗೃಹಪ್ರವೇಶಕ್ಕೆ ನಮ್ಮವರನ್ನು ಐವತ್ತು ಜನ ಕರೆಯುತ್ತೀರಿ; ಅಕ್ಕಪಕ್ಕದ ಎರಡು ಮನೆಯವರನ್ನೂ ಕರೆಯಿರಿ. ನಮ್ಮ ಪಕ್ಕದ ಮನೆಯ ಅಜ್ಜಿ ಹಾಲು ಉಕ್ಕುವುದನ್ನು ನೋಡಿ ಓಡಿಹೋಗಿ ಒಲೆ ಆರಿಸಿಬಿಟ್ಟಿದ್ದರು. ಹಿಮ ಬಿದ್ದ ದಿನ ಮೊದಲು ಬಾಗಿಲು ತಟ್ಟುವವರೂ ಅವರೇ. ಹೋಮ ಮಾಡಿಸುವುದಾದರೆ ಗ್ಯಾರೇಜಿನ ಬಾಗಿಲು ತೆಗೆದು ಅಲ್ಲಿ ಮಾಡಿಸಿ. ಟೌನ್‌ಹೋಮ್ ಆಗಿದ್ದರೆ ಅಲಾರಂ ನೇರ ಅಗ್ನಿಶಾಮಕದವರಿಗೆ ಹೋಗುತ್ತದೆಯೇ ಅಂತ ಅಸೋಸಿಯೇಷನ್‌ನವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ 10ಕ್ಕೆ ಊರಿಗೆಲ್ಲ ಕೇಳುವ ಸುಂಟರಗಾಳಿ ಎಚ್ಚರಿಕೆಯ ಸೈರನ್ ಬರೀ ಪರೀಕ್ಷೆ, ಅಮ್ಮನಿಗೆ ಹೇಳಿರಿ. ಬೇರೆ ಹೊತ್ತಿನಲ್ಲಿ ಕೂಗಿದರೆ ಎಲ್ಲರೂ ಬೇಸ್‌ಮೆಂಟಿಗೆ ಇಳಿಯಬೇಕು. 2021ರ ಜೂನ್ 20ರ ರಾತ್ರಿ ಊರಿಗೆ ಸುಂಟರಗಾಳಿ ನುಗ್ಗಿದಾಗ ಜನ ಉಳಿದದ್ದು ಹಾಗೆ ಇಳಿದೇ.