ಆಟೋ ಮೋಡ್ ಬಿಟ್ಟು ದುರ್ಗದ ಕೋಟೆ ಹತ್ತಿದಾಗ

ಬೆಳಕು ಸಮವಾಗಿದ್ದರೆ, ಎಲ್ಲವನ್ನೂ ಕ್ಯಾಮೆರಾವೇ ನಿರ್ಧರಿಸುವ ಆಟೋ ಮೋಡ್ ಸಾಕು. ಚಿತ್ರದುರ್ಗದ ಕೋಟೆಯಲ್ಲಿ ಅದು ಸಾಲದು. ಒನಕೆ ಓಬವ್ವನ ಕಿಂಡಿ ಹತ್ತಿರ ಬಂಡೆಗಳ ಸಂದಿಯಲ್ಲಿ ಕತ್ತಲು, ಆಚೆ ಕಣ್ಣು ಕುಕ್ಕುವ ಬಿಸಿಲು. ಆಟೋದಲ್ಲಿ ಫ್ಲ್ಯಾಶ್ ತಾನೇ ಎದ್ದು ನಿಲ್ಲುತ್ತದೆ, ಕಲ್ಲಿನ ಒರಟೆಲ್ಲ ಅಳಿಸಿಹೋಗುತ್ತದೆ. ಆ ಕಿಂಡಿ ಕತ್ತಲಾಗಿಯೇ ಕಾಣಬೇಕು ಅಲ್ವಾ?

ನಾನು ಮೊದಲು ಹೋಗಿದ್ದು ಪಿ ಮೋಡಿಗೆ. ಅಪರ್ಚರ್ (ಲೆನ್ಸಿನ ರಂಧ್ರ ಎಷ್ಟು ತೆರೆಯಬೇಕು), ಶಟರ್ (ಬೆಳಕು ಎಷ್ಟು ಹೊತ್ತು ಒಳಬರಬೇಕು) ಎರಡನ್ನೂ ಕ್ಯಾಮೆರಾವೇ ನೋಡಿಕೊಳ್ಳುತ್ತದೆ, ಆದರೆ ಫ್ಲ್ಯಾಶ್ ನಾವು ಎಬ್ಬಿಸಿದರೆ ಮಾತ್ರ ಏಳುತ್ತದೆ, ಜೊತೆಗೆ ಫೋಟೊವನ್ನು ಬೆಳ್ಳಗೆ ಇಲ್ಲವೇ ಕಪ್ಪಗೆ ಮಾಡುವ ಪ್ಲಸ್-ಮೈನಸ್ ಗುಂಡಿ ನಮ್ಮ ಕೈಗೆ ಬರುತ್ತದೆ. ನನ್ನ ಪ್ರಕಾರ ಇಡೀ ಕ್ಯಾಮೆರಾದಲ್ಲಿ ಮೊದಲು ಕಲಿಯಬೇಕಾದ್ದು ಈ ಗುಂಡಿಯನ್ನೇ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಎದುರಿಗಿರುವುದನ್ನೆಲ್ಲ ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಕತ್ತಲ ಕಿಂಡಿ ಇದ್ದರೆ ಅದನ್ನು ಸುಮ್ನೆ ಬೆಳ್ಳಗೆ ಮಾಡಿಬಿಡುತ್ತದೆ, ಆಗ ಮೈನಸ್ 1. ಬತೇರಿ ಮೇಲೆ ಆಕಾಶಕ್ಕೆ ಬೆನ್ನು ಹಾಕಿ ನಿಂತವರ ಮುಖ ಕಪ್ಪಾಗುತ್ತದೆ, ಆಗ ಪ್ಲಸ್ 1.

ಆಮೇಲೆ ಎ ಮೋಡ್. ಇದರಲ್ಲಿ ಅಪರ್ಚರ್ ನಮ್ಮದು, ಶಟರ್ ಕ್ಯಾಮೆರಾ ನೋಡಿಕೊಳ್ಳುತ್ತದೆ. ಕ್ಯಾನನ್‌ನಲ್ಲಿ ಇದೇ ಎವಿ. ಅಪರ್ಚರ್ ಎಫ್ 8 ಇಟ್ಟರೆ (ಅಂಕಿ ದೊಡ್ಡದಾದಷ್ಟೂ ರಂಧ್ರ ಚಿಕ್ಕದು) ಹತ್ತಿರದ ಬಂಡೆಯಿಂದ ದೂರದ ಗೋಡೆವರೆಗೂ ಹೆಚ್ಚುಕಡಿಮೆ ಎಲ್ಲ ಚೊಕ್ಕವಾಗಿ ಬರುತ್ತದೆ. ಶಟರ್ ಮೇಲೆ ಮಾತ್ರ ಒಂದು ಕಣ್ಣಿರಲಿ. ಅದು 1/30 ಸೆಕೆಂಡಿಗಿಂತ ನಿಧಾನವಾದರೆ ಕೈ ನಡುಕಕ್ಕೆ ಫೋಟೊ ಮಸುಕಾಗುತ್ತದೆ, ಆಗ ನಾನು ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಅಂದರೆ ಐಎಸ್‌ಒ ಏರಿಸುತ್ತೇನೆ.

ಶಟರನ್ನು ನಾವು ಆರಿಸುವ ಎಸ್ ಮೋಡ್, ಅಂದರೆ ಕ್ಯಾನನ್‌ನ ಟಿವಿ, ಅರ್ಥವಾಗಿದ್ದು ಗುಡ್ಡದ ಮೇಲಿನ ಗಾಳಿ ಫ್ಯಾನ್‌ಗಳಿಂದ. 1/1000ದಲ್ಲಿ ತೆಗೆದರೆ ರೆಕ್ಕೆಗಳು ಕೆಟ್ಟು ನಿಂತ ಹಾಗೆ ಕಾಣುತ್ತವೆ, ದುರ್ಗದ ಗಾಳಿಯೇ ಫೋಟೊದಲ್ಲಿ ಇರುವುದಿಲ್ಲ. 1/4 ಸೆಕೆಂಡ್ ಇಟ್ಟರೆ ರೆಕ್ಕೆ ಬೀಸಿದ ಗೆರೆ ಬರುತ್ತದೆ. ಆದರೆ ಮಧ್ಯಾಹ್ನ ಇದು ಆಗದ ಮಾತು: ಎಫ್ 22ಕ್ಕೆ ಇಳಿಸಿದರೂ ಬೆಳಕು ಜಾಸ್ತಿ, ಅಪರ್ಚರ್ ಅಂಕಿ ಮಿಣುಕಿ ಎಚ್ಚರಿಸುತ್ತದೆ. ಹೊತ್ತು ಮುಳುಗಿದ ಮೇಲೆ ಕ್ಯಾಮೆರಾವನ್ನು ಕೋಟೆ ಗೋಡೆ ಮೇಲಿಟ್ಟು, 2 ಸೆಕೆಂಡ್ ಟೈಮರ್ ಹಾಕಿದರೆ ಕೈ ನಡುಕದ ಚಿಂತೆ ಇಲ್ಲ.

ಅಪರ್ಚರ್, ಶಟರ್ ಎರಡನ್ನೂ ನಾವೇ ಇಡುವ ಎಂ ಮೋಡ್ ನನಗೆ ಬೇಕಾಗುವುದು ಅಪರೂಪ. ಸುತ್ತಿನ ಗೋಡೆಗಳನ್ನು ಸಾಲಾಗಿ ತೆಗೆದು ಒಂದೇ ಉದ್ದದ ಫೋಟೊ ಆಗಿ ಜೋಡಿಸುವಾಗ ಅದು ಬೇಕೇ ಬೇಕು, ಇಲ್ಲದಿದ್ದರೆ ಒಂದೊಂದು ಫೋಟೊದಲ್ಲಿ ಆಕಾಶ ಒಂದೊಂದು ಬಣ್ಣವಾಗಿ ಜೋಡಣೆ ಎದ್ದು ಕಾಣುತ್ತದೆ. ಆಗ ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನೂ ಆಟೋದಿಂದ ತೆಗೆದು ಬಿಸಿಲಿನ ಗುರುತಿಗೆ ಇಡಿ.