ಕರಾವಳಿಯ ತೇವದಲ್ಲಿ ಹಳೇ ಕಾರ್ಟೂನ್ ರೀಲು: ನನ್ನ ಅನುಭವ

ಮಂಗಳೂರಿನಲ್ಲಿ ರೀಲಿನ ಡಬ್ಬಿ ತೆರೆಯುವ ಕೆಲಸವನ್ನೆಲ್ಲ ನಾನು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಇಟ್ಟುಕೊಳ್ಳುತ್ತೇನೆ. ಆಟಿಯ ಮಳೆಯಲ್ಲಿ ತೆರೆದರೆ ಫಿಲ್ಮಿನ ಜಿಲೆಟಿನ್ ಪದರ ತೇವ ಹೀರಿ ಮೆತ್ತಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಮಳೆಗಾಲವಿಡೀ ರೀಲುಗಳು ಕ್ಯಾಮೆರಾದವರು ಬಳಸುವ ಡ್ರೈ ಕ್ಯಾಬಿನೆಟ್‌ನಲ್ಲಿ, ಶೇಕಡಾ 40ರ ಆರ್ದ್ರತೆಯಲ್ಲಿ ಇರುತ್ತವೆ.

ಬೂಷ್ಟನ್ನು ನೀರಿನಿಂದ ಒರೆಸಲೇಬಾರದು. ಬೂಷ್ಟು ತಿಂದ ಜಿಲೆಟಿನ್ ನೀರಿನಲ್ಲಿ ಕರಗುತ್ತದೆ, ಚಿತ್ರವೇ ಬಟ್ಟೆಗೆ ಬಂದುಬಿಡುತ್ತದೆ. ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ, ಹಗುರ ಕೈ ಸಾಕು.

ವಿನೆಗರ್ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ತಳಹಾಳೆ ಕೊಳೆಯತೊಡಗಿದೆ ಎಂದರ್ಥ. ಮೂಗಿಗಿಂತ ಆಮ್ಲ ತಗುಲಿದರೆ ಬಣ್ಣ ಬದಲಿಸುವ ಎ-ಡಿ ಪಟ್ಟಿ ನಂಬಿಗಸ್ತ. ಡಬ್ಬಿಯೊಳಗೆ ಒಂದು ದಿನ ಇಟ್ಟಾಗ ನೀಲಿಯಾಗೇ ಉಳಿದರೆ ಕ್ಷೇಮ. ಪಟ್ಟಿ ಹಸಿರಿಗೆ ತಿರುಗಿದ ರೀಲನ್ನು ಬೇರೆಡೆ ಇಡುತ್ತೇನೆ, ಹಳದಿಯಾದದ್ದನ್ನು ಮೊದಲು ಸ್ಕ್ಯಾನ್ ಮಾಡುತ್ತೇನೆ. ಕೊಳೆತ ಫಿಲ್ಮು ಕುಗ್ಗುತ್ತದೆ. 16 ಎಂಎಂ ಪ್ರಿಂಟ್‌ನಲ್ಲಿ 100 ಫ್ರೇಮಿನ ಉದ್ದ 762 ಮಿ.ಮೀ. ಇರಬೇಕು. 754ಕ್ಕೆ ಇಳಿದಿದ್ದರೆ ಶೇಕಡಾ 1ರಷ್ಟು ಕುಗ್ಗಿದೆ. ಅಂಥದ್ದನ್ನು ಪ್ರೊಜೆಕ್ಟರ್‌ಗೆ ಏರಿಸಿದರೆ ಹಲ್ಲು ತೂತುಗಳನ್ನು ಹರಿಯುತ್ತದೆ. ಹಲ್ಲಿಲ್ಲದ ಸ್ಕ್ಯಾನರ್ ಬೇಕು.

ಹೆಚ್ಚಿನ ಹಾನಿ ಆಗುವುದು ಸ್ಕ್ಯಾನ್ ಆದಮೇಲೆ, ಕಂಪ್ಯೂಟರಿನಲ್ಲಿ. ಧೂಳು ತೆಗೆಯುವ ಸಾಫ್ಟ್‌ವೇರ್ ಅಕ್ಕಪಕ್ಕದ ಫ್ರೇಮು ಹೋಲಿಸಿ, ಒಂದೇ ಫ್ರೇಮಿನಲ್ಲಿ ಕಂಡದ್ದನ್ನೆಲ್ಲ ಕಸವೆಂದು ಅಳಿಸುತ್ತದೆ. ಕಾರ್ಟೂನಿನಲ್ಲಿ ಹೊಡೆತದ ಕಿಡಿ, ಬೀಸಿದ ಕೈಯ ಎಳೆದ ಗೆರೆ ಇರುವುದೇ ಒಂದೆರಡು ಫ್ರೇಮು. ಸೆಲ್ ಎಂಬ ಪಾರದರ್ಶಕ ಹಾಳೆಯ ಮೇಲೆ ನಿಬ್ಬಿನಿಂದ ಎಳೆದ ಆ ಗೆರೆ ತುಂಡಾದರೆ ಉಳಿಸಿದ್ದಾದರೂ ಏನು?

ಹಾಗಾಗಿ ಆಟೋ ಮೋಡ್ ಮುಟ್ಟುವುದಿಲ್ಲ. ಹಳೇ ಕಾರ್ಟೂನುಗಳಲ್ಲಿ ಬಹುಪಾಲು ಸೆಕೆಂಡಿಗೆ 12 ಚಿತ್ರ, ಒಂದೊಂದೂ ಎರಡು ಫ್ರೇಮು. ಈ ಜೋಡಿಯೇ ನನ್ನ ಮುಖ್ಯ ಸಾಧನ. ಹಿನ್ನೆಲೆಯ ಅಲುಗದ ಮೂಲೆ ಹಿಡಿದು ಎರಡನ್ನೂ ಹೊಂದಿಸಿ, ಡಿಫರೆನ್ಸ್ ಮೋಡ್‌ನಲ್ಲಿ ಒಂದರ ಮೇಲೊಂದು ಇಡುತ್ತೇನೆ, ಆಗ ಎರಡರಲ್ಲೂ ಒಂದೇ ಆಗಿರುವುದು ಕಪ್ಪಾಗುತ್ತದೆ. ಕಪ್ಪಿನ ನಡುವೆ ಬೆಳ್ಳಗೆ ಹೊಳೆಯುವ ಚುಕ್ಕೆ ಪ್ರಿಂಟಿನ ಧೂಳು. ಜೋಡಿ ಫ್ರೇಮಿನಿಂದ ಅಷ್ಟೇ ತುಣುಕು ತಂದು ಮುಚ್ಚುತ್ತೇನೆ. ಸರಿಯಾಗಿ ಹೊಂದಿಸದಿದ್ದರೆ ಎಲ್ಲ ಗೆರೆಗಳ ಅಂಚೂ ಹೊಳೆದು ಏನೂ ತಿಳಿಯದು. ಎರಡರಲ್ಲೂ ಒಂದೇ ಜಾಗದಲ್ಲಿರುವ ಚುಕ್ಕೆ ಡಿಫರೆನ್ಸ್‌ನಲ್ಲಿ ಕಾಣುವುದೇ ಇಲ್ಲ. ಅದು ಚಿತ್ರೀಕರಣದ ದಿನ ಸೆಲ್ ಮೇಲೆ ಕುಳಿತಿದ್ದ ಧೂಳು, ಅದನ್ನು ಹಾಗೇ ಬಿಡುತ್ತೇನೆ. ಹಿನ್ನೆಲೆ ಸರಿಯುವ ದೃಶ್ಯದಲ್ಲಿ, ಫ್ರೇಮಿಗೊಂದು ಚಿತ್ರವಿರುವ ಓಟದಲ್ಲಿ ಈ ಉಪಾಯ ನಡೆಯದು. ಅಲ್ಲಿ ಕೈಯಿಂದಲೇ ತಿದ್ದಬೇಕು.

ಏಳು ನಿಮಿಷದ ಚಿತ್ರಕ್ಕೆ 10,080 ಫ್ರೇಮು. 2ಕೆ (ಸುಮಾರು 2,000 ಪಿಕ್ಸೆಲ್ ಅಗಲ), ಪ್ರತಿ ಫ್ರೇಮನ್ನೂ ಒಂದೊಂದು ಫೈಲಾಗಿ ಇಡುವ 10 ಬಿಟ್ ಡಿಪಿಎಕ್ಸ್‌ನಲ್ಲಿ ಸುಮಾರು 128 ಜಿಬಿ. ತಿದ್ದದ ಮೂಲ ಸ್ಕ್ಯಾನನ್ನೂ ಅಳಿಸದೆ ಎರಡು ಡಿಸ್ಕ್‌ನಲ್ಲಿ ಇಡುತ್ತೇನೆ, ಒಂದು ಇಲ್ಲಿ, ಇನ್ನೊಂದು ಘಟ್ಟದ ಮೇಲೆ.